ಮಾತ್ರೆ ಕೊಳ್ಳುವವನ ಲಾಭ–ನಷ್ಟ

ಕಲಘಟಗಿ ತಾಲ್ಲೂಕಿನ ಬಮ್ಮಿಗಟ್ಟಿಯಲ್ಲಿರುವ ಬಂಧುಗಳ ಮನೆಗೆ ಇತ್ತೀಚೆಗೆ ಹೋಗಿದ್ದೆ. ನೆಗಡಿ, ಜ್ವರದಿಂದ ಮಲಗಿದ್ದ ಮನೆಯ ಹಿರಿಯರು ಎರಡು ಬಗೆಯ ಮಾತ್ರೆಗಳನ್ನು ದಿನಕ್ಕೆ ನಾಲ್ಕು ಬಾರಿ ನುಂಗುತ್ತಿದ್ದರು. ಒಂದು ಜ್ವರಕ್ಕೆ, ಇನ್ನೊಂದು ನೆಗಡಿಗೆ ಎಂಬುದು ಅವರ ತಿಳಿವಳಿಕೆ. ಹಾಳೆಗಳ ಹಿಂಬದಿಯ ಸಣ್ಣ ಇಂಗ್ಲಿಷ್ ಅಕ್ಷರಗಳನ್ನು ಓದಿದಾಗ ಎರಡರಲ್ಲೂ ಪ್ಯಾರಾಸಿಟಮಾಲ್ ಇರುವುದು ಕಂಡಿತು: ಒಂದರಲ್ಲಿ 650 ಮಿಲಿಗ್ರಾಂ, ಇನ್ನೊಂದರಲ್ಲಿ 500. ದಿನದ ಮೊತ್ತ 4,600. ಆರೋಗ್ಯವಂತ ವಯಸ್ಕರಿಗೂ 24 ಗಂಟೆಗಳ ಗರಿಷ್ಠ ಮಿತಿ 4,000 ಮಿಲಿಗ್ರಾಂ. ಅದನ್ನು ಮೀರಿದರೆ ಯಕೃತ್ತಿಗೆ ಅಪಾಯ.

‘ದವಾಖಾನಿಗೆ ಹೋದ್ರ ಒಂದು ದಿನದ ಕೆಲಸಾ ಹಾಳಾಗತೈತಿ ತಮ್ಮಾ’ ಎಂದರು ಅವರು. ಅರ್ಥಶಾಸ್ತ್ರ ಓದಿದ ನಾನು ಈ ಮಾತನ್ನು ಅಜ್ಞಾನವೆಂದು ತಳ್ಳಿಹಾಕಲಾರೆ. ಕೂಲಿ, ಬಸ್ ಖರ್ಚು, ಸರದಿಯಲ್ಲಿ ಕಾಯುವ ಸಮಯ ಇವೆಲ್ಲವನ್ನೂ ತೂಗಿಯೇ ಹಳ್ಳಿಯವರು ಅಂಗಡಿಯ ಮಾತ್ರೆಯನ್ನು ಆರಿಸಿಕೊಳ್ಳುತ್ತಾರೆ. ಅವರ ಲೆಕ್ಕ ತಪ್ಪಲ್ಲ. ಲೆಕ್ಕಕ್ಕೆ ಬೇಕಾದ ಮಾಹಿತಿ ಅವರ ಕೈಗೆ ಸಿಕ್ಕಿಲ್ಲ.

ಹಣ ಕೊಟ್ಟದ್ದಕ್ಕೆಲ್ಲ ಫಲವಿದೆಯೇ ಎಂಬುದು ಮೊದಲ ಪ್ರಶ್ನೆ. ಅನೇಕ ನೆಗಡಿ ಮಾತ್ರೆಗಳಲ್ಲಿ ಫಿನೈಲೆಫ್ರಿನ್ ಇರುತ್ತದೆ. ಬಾಯಿಯ ಮೂಲಕ ಸೇವಿಸಿದಾಗ ಅದು ಕಟ್ಟಿದ ಮೂಗನ್ನು ಬಿಡಿಸುವುದಿಲ್ಲವೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯ ತಜ್ಞರ ಸಮಿತಿ 2023ರಲ್ಲಿ ಒಮ್ಮತದಿಂದ ಹೇಳಿತು. ನಮ್ಮ ಕೇಂದ್ರ ಸರ್ಕಾರವೂ 2018ರಲ್ಲಿ 328, 2024ರಲ್ಲಿ 156 ಮಿಶ್ರಣ ಔಷಧಗಳನ್ನು ನಿಷೇಧಿಸಿತು. ಒಂದು ಮಾತ್ರೆಯಲ್ಲಿ ಹೆಚ್ಚು ಔಷಧ ಸೇರಿದಷ್ಟೂ ಗುಣ ಹೆಚ್ಚೆಂಬ ನಂಬಿಕೆಗೆ ಆಧಾರವಿಲ್ಲ.

ಎರಡನೆಯದು, ಲಾಭಕ್ಕೆ ತೆರುವ ಬೆಲೆ. ಐಬುಪ್ರೊಫೆನ್, ಡೈಕ್ಲೊಫೆನಾಕ್‌ನಂತಹವು ನೋವಿನ ಜೊತೆಗೆ ಬಾವನ್ನೂ ಇಳಿಸುತ್ತವೆ. ಆದರೆ ಜಠರದಲ್ಲಿ ಹುಣ್ಣು, ರಕ್ತಸ್ರಾವ ಉಂಟುಮಾಡಬಲ್ಲವು, ಮೂತ್ರಪಿಂಡಕ್ಕೂ ಹೊರೆ. ಡೆಂಗಿ ಇದ್ದಲ್ಲಿ ಅವು ರಕ್ತಸ್ರಾವದ ಅಪಾಯವನ್ನು ಹೆಚ್ಚಿಸುತ್ತವೆ. 2024ರಲ್ಲಿ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿದ ರಾಜ್ಯ ನಮ್ಮದು. ಮಳೆಗಾಲದ ಜ್ವರಕ್ಕೆ ಮಿತಿಯಲ್ಲಿ ಸೇವಿಸಿದ ಪ್ಯಾರಾಸಿಟಮಾಲೇ ಹೆಚ್ಚು ಸುರಕ್ಷಿತ.

ಕಾನೂನು ಇಲ್ಲಿ ಹೆಚ್ಚು ನೆರವಾಗುವುದಿಲ್ಲ. 1940ರ ಔಷಧ ಮತ್ತು ಕಾಂತಿವರ್ಧಕ ಕಾಯ್ದೆಯು ಚೀಟಿಯಿಲ್ಲದೆ ಕೊಳ್ಳಬಹುದಾದ ಔಷಧಗಳೆಂಬ ಪ್ರತ್ಯೇಕ ವರ್ಗವನ್ನು ವ್ಯಾಖ್ಯಾನಿಸಿಲ್ಲ. ವೈದ್ಯರ ಚೀಟಿ ಕಡ್ಡಾಯವಾದ ಡೈಕ್ಲೊಫೆನಾಕ್ ಮಾತ್ರೆಯೂ ಕೇಳಿದೊಡನೆ ಸಿಗುವುದು ಎಲ್ಲರೂ ಬಲ್ಲ ಸಂಗತಿ. ಹಾಗೆಂದು ಎಲ್ಲಕ್ಕೂ ಚೀಟಿಯನ್ನು ಬಿಗಿಗೊಳಿಸಿದರೆ ಆಸ್ಪತ್ರೆ ದೂರವಿರುವ ಹಳ್ಳಿಗರಿಗೇ ಮೊದಲ ಪೆಟ್ಟು.

ಆದ್ದರಿಂದ ಸುರಕ್ಷಿತ ಔಷಧಗಳ ಸ್ಪಷ್ಟ ಪಟ್ಟಿ ಬೇಕು. ಮೂಲ ಔಷಧದ ಹೆಸರು, ದಿನದ ಮಿತಿ, ಯಾರು ಸೇವಿಸಬಾರದು ಎಂಬ ಮೂರು ವಿವರಗಳು ಹಾಳೆಯ ಮೇಲೆ ದಪ್ಪ ಕನ್ನಡ ಅಕ್ಷರಗಳಲ್ಲಿರಬೇಕು. ಇದಕ್ಕೆ ದೊಡ್ಡ ವೆಚ್ಚವೇನೂ ಆಗದು. ಆಶಾ ಕಾರ್ಯಕರ್ತೆಯರಿಗೂ ಈ ತಿಳಿವಳಿಕೆ ಕೊಡಿಸಬೇಕು.

ನಮ್ಮ ಹಿರಿಯರು ನೆಗಡಿ ಮಾತ್ರೆಯನ್ನು ಬದಿಗಿಟ್ಟರು. ಮೂರು ದಿನಕ್ಕೂ ಜ್ವರ ಬಿಡದಿದ್ದರೆ ಕೆಲಸ ಬಿಟ್ಟಾದರೂ ವೈದ್ಯರ ಬಳಿ ಹೋಗಲು ಒಪ್ಪಿದರು. ಹಾಳೆಯನ್ನು ಓದಿ ಹೇಳುವವರು ಪ್ರತಿ ಮನೆಗೂ ಬರಲಾರರು. ಅದು ಓದುವವರ ಭಾಷೆಯಲ್ಲೇ ಇರಬೇಕು.