ಅಲ್ಯೂಮಿನಿಯಂ ಪಿಸ್ಟನ್ ಜಿಪುಣತನದ ಕೂಸಲ್ಲ

ಹಳೆಯ ಎರಕದ ಕಬ್ಬಿಣದ ಪಿಸ್ಟನ್‌ಗಳೇ ಗಟ್ಟಿ, ಅಲ್ಯೂಮಿನಿಯಂ ಬಂದದ್ದು ಕಂಪನಿಗಳ ಜಿಪುಣತನದಿಂದ ಎಂಬುದು ಈಚೆಗೆ ಅಚ್ಚಾದ ಲೇಖನವೊಂದರ ವಾದ. 660 ಡಿಗ್ರಿಗೆ ಕರಗುವ ಲೋಹವನ್ನು 2000 ಡಿಗ್ರಿ ಮೀರಿದ ಜ್ವಾಲೆಗೆ ಒಡ್ಡುವುದೇ ಎಂದು ಲೇಖಕರು ಕೇಳುತ್ತಾರೆ.

ಕೇಳಬೇಕಾದ ಪ್ರಶ್ನೆಯೇ. ಆದರೆ ಪಿಸ್ಟನ್ ಬಾಳುವುದು ಕರಗುವ ಬಿಂದುವೊಂದನ್ನೇ ನಂಬಿ ಅಲ್ಲ. ಬಂದ ಶಾಖವನ್ನು ರಿಂಗ್‌ಗಳ ಮೂಲಕ ಸಿಲಿಂಡರ್ ಗೋಡೆಗೆ ಬೇಗ ದಾಟಿಸುವುದರಿಂದ. ಈ ಕೆಲಸದಲ್ಲಿ ಅಲ್ಯೂಮಿನಿಯಂ ಮಿಶ್ರಲೋಹ ಎರಕದ ಕಬ್ಬಿಣಕ್ಕಿಂತ ಸುಮಾರು ಮೂರು ಪಟ್ಟು ಚುರುಕು. ಹಾಗಾಗಿ ಪಿಸ್ಟನ್ನಿನ ನೆತ್ತಿ ಸಾಮಾನ್ಯವಾಗಿ 300 ಡಿಗ್ರಿಯ ಆಸುಪಾಸಿನಲ್ಲೇ ಉಳಿಯುತ್ತದೆ.

ತೂಕದ ಮಾತನ್ನಂತೂ ಲೇಖನ ಎತ್ತುವುದೇ ಇಲ್ಲ. ನಿಮಿಷಕ್ಕೆ 6000 ಸುತ್ತು ತಿರುಗುವ ಎಂಜಿನ್ನಿನಲ್ಲಿ ಪಿಸ್ಟನ್ ಸೆಕೆಂಡಿಗೆ 200 ಬಾರಿ ನಿಂತು ದಿಕ್ಕು ಬದಲಿಸಬೇಕು. ಹೆಚ್ಚಿದ ಪ್ರತಿ ಗ್ರಾಂ ಕನೆಕ್ಟಿಂಗ್ ರಾಡ್ ಮತ್ತು ಬೇರಿಂಗ್‌ಗಳಿಗೆ ಬೀಳುವ ಏಟು. 1913ರಲ್ಲಿ ಫ್ರಾನ್ಸಿನ ಡಿಎಫ್‌ಪಿ ಕಾರು ಕಾರ್ಖಾನೆಯಲ್ಲಿ ಅಲ್ಯೂಮಿನಿಯಂ ಪೇಪರ್‌ವೇಟ್ ಕಂಡ ಬ್ರಿಟಿಷ್ ಎಂಜಿನಿಯರ್ ಡಬ್ಲ್ಯು.ಓ. ಬೆಂಟ್ಲಿ ಅದೇ ಲೋಹದ ಪಿಸ್ಟನ್ ಹಾಕಿಸಿದ್ದು ವೇಗಕ್ಕಾಗಿ. ಮೊದಲ ಮಹಾಯುದ್ಧದಲ್ಲಿ ಅವರ ವಿಮಾನ ಎಂಜಿನ್‌ಗಳಿಗೂ ಅದೇ ಸಲ್ಲಿತು. ದುಡ್ಡು ಉಳಿಸುವ ಚಪಲ ಇಲ್ಲೆಲ್ಲಿದೆ?

ಅಲ್ಯೂಮಿನಿಯಂ ಹೆಚ್ಚು ಹಿಗ್ಗುತ್ತದೆ ಎಂಬ ದೂರು ಮಾತ್ರ ನಿಜ. ಅದಕ್ಕೇ ಸುಮಾರು ಶೇ. 12ರಷ್ಟು ಸಿಲಿಕಾನ್ ಬೆರೆಸುತ್ತಾರೆ.

ಉಕ್ಕು ಮರಳಿರುವುದೂ ಹೌದು: 2014ರಲ್ಲಿ ಮರ್ಸಿಡಿಸ್ ತನ್ನ ಡೀಸೆಲ್ ಕಾರಿಗೆ ಉಕ್ಕಿನ ಪಿಸ್ಟನ್ ತಂದಿತು. ಆದರೆ ಅದು ಹೆಚ್ಚು ಒತ್ತಡದ ಎಂಜಿನ್ನಿಗೆಂದು ರೂಪಿಸಿದ ಉಕ್ಕು. ಲೇಖಕರು ಹೊಗಳಿದ ಎರಕದ ಕಬ್ಬಿಣವಲ್ಲ.