ಅಪ್ಪನ ಕುಲ ಕೇಳೋರಿಗೆ ಒಂದು ಮಾತು

ಸೆಪ್ಟೆಂಬರ್ 8 ಬಂದರೆ ಹೆಬ್ಬಾಳ, ಆರ್.ಟಿ. ನಗರದ ಕಡೆಯಿಂದ ನಮ್ಮ ಹೆಂಗಸರೂ ಶಿವಾಜಿನಗರದ ಮೇರಿಯಮ್ಮನ ಹಬ್ಬಕ್ಕೆ ಹೋಗ್ತಾರೆ. ಆಗ ವಾಟ್ಸಾಪಲ್ಲಿ ಶುರು: "ಕನ್ಯೆಗೆ ಮಗು ಹೇಗ್ರೀ?" ಕುಂತಿಗೆ ಸೂರ್ಯನಿಂದ ಕರ್ಣ ಹುಟ್ಟಿದ್ದನ್ನು ಕೈಮುಗಿದು ಕೇಳೋರೇ ಇದಕ್ಕೆ ನಗೋದು! ಬ್ರಹ್ಮನ ಮುಖದಿಂದ ಹುಟ್ಟಿದವರಿಗಂತೂ ತಾಯಿಯೇ ಇಲ್ಲ, ಅದನ್ನ ಕೇಳೋ ಹಾಗಿಲ್ಲ.

ಪವಾಡದ ಗೊಡವೆ ನನಗೆ ಬೇಡ. ಮತ್ತಾಯನ ಸುವಾರ್ತೆಯ ಮೊದಲ ಅಧ್ಯಾಯ ತೆಗೆದು ನೋಡಿ. ಅಬ್ರಹಾಮನಿಂದ ಯೋಸೇಫನವರೆಗೆ ಅಪ್ಪ-ಮಗ, ಅಪ್ಪ-ಮಗ ಅಂತ ಉದ್ದದ ವಂಶಾವಳಿ. ಯೇಸುವಿನ ಹತ್ತಿರ ಬಂದಾಗ ಅಪ್ಪನ ರಕ್ತವೇ ಇಲ್ಲ, ತಾಯಿ ಮರಿಯಳು ಮಾತ್ರ. ಕುಲದ ಹಗ್ಗ ಅಲ್ಲೇ ಕಡಿದುಹೋಯ್ತು.

ಭಾನುವಾರ ಭಾನುವಾರ ಇದನ್ನೇ ವಿಶ್ವಾಸ ಅಂತ ಹೇಳೋರೇ, ಮದುವೆಗೆ ಹುಡುಗನ ಅಪ್ಪನ ಜಾತಿ ಯಾಕೆ ವಿಚಾರಿಸ್ತೀರಿ?

ಸರ್ಕಾರದ್ದು ಇನ್ನೊಂದು ವರಸೆ. 1950ರ ಪರಿಶಿಷ್ಟ ಜಾತಿ ಆದೇಶದೊಳಗೆ ಸಿಖ್ ದಲಿತರು 1956ರಲ್ಲಿ, ಬೌದ್ಧರು 1990ರಲ್ಲಿ ಬಂದರು. ಕ್ರೈಸ್ತನಾದ ದಲಿತ ಇಂದಿಗೂ ಹೊರಗೇ. ಚರ್ಚಿನವರ ಬಾಯಲ್ಲಿ ಅವನ ಜಾತಿ ಹೋಗಿಲ್ಲ, ತಾಲ್ಲೂಕು ಕಚೇರಿ ಕಡತದಲ್ಲಿ ಉಳಿದಿಲ್ಲ. ಕಡತ ಬರೆಯೋ ಗುಮಾಸ್ತ ನಾನು, ನನಗಂತೂ ಈ ಲೆಕ್ಕ ತಾಳೆಯಾಗಲ್ಲ. ಫಾದರ್‌ಗಳೇ, ಪಾಸ್ಟರ್‌ಗಳೇ, ನಿಮಗೆ ಆಗುತ್ತಾ?