ಠಾಣೆಗೆ ಶ್ರೇಷ್ಠಿಗಳ ಕಾಣಿಕೆ

ಪೇಟೆಬೀದಿಗಳಲ್ಲಿ ಪೊಲೀಸರು ಅಡ್ಡಲಾಗಿ ನಿಲ್ಲಿಸುವ ಕಬ್ಬಿಣದ ಬ್ಯಾರಿಕೇಡುಗಳ ಮೇಲೆ ಚಿನ್ನಾಭರಣದ ಮಳಿಗೆ, ಆಸ್ಪತ್ರೆ, ಸೀರೆಯಂಗಡಿಗಳ ಹೆಸರುಗಳು ರಾರಾಜಿಸುತ್ತಿರುವುದು ಈಗ ಯಾರಿಗೂ ವಿಸ್ಮಯವನ್ನುಂಟುಮಾಡುವುದಿಲ್ಲ. ಠಾಣೆಯ ಕುರ್ಚಿ, ಗಸ್ತಿನ ದ್ವಿಚಕ್ರ ವಾಹನ, ಚೌಕದ ಕ್ಯಾಮೆರಾ ಇವುಗಳಿಗೂ ದಾನಿಗಳಿದ್ದಾರೆ. ವರ್ತಕ ಸಂಘಗಳೂ ಧಾರ್ಮಿಕ ಟ್ರಸ್ಟುಗಳೂ ಇದನ್ನು ಲೋಕೋಪಕಾರವೆಂದೇ ಭಾವಿಸಿ, ಹಾರತುರಾಯಿಗಳೊಡನೆ ಹಸ್ತಾಂತರ ಸಮಾರಂಭವನ್ನು ನಡೆಸುತ್ತವೆ. ಈ ಕೊಡುಗೆಯನ್ನು ದಾನದ ಖಾತೆಗೆ ಬರೆಯುವುದು ಲೆಕ್ಕದ ದೃಷ್ಟಿಯಿಂದಲೂ ಧರ್ಮದ ದೃಷ್ಟಿಯಿಂದಲೂ ತಪ್ಪಾಗಿದೆ. ಪ್ರತಿಫಲಾಪೇಕ್ಷೆಯಿಲ್ಲದೆ ಕೊಟ್ಟದ್ದು ದಾನ. ಅಂಗಡಿಯಲ್ಲಿ ಕಳವಾದ ದಿನ ಇನ್‌ಸ್ಪೆಕ್ಟರರು ತಾವೇ ಬಂದು ವಿಚಾರಿಸಲಿ ಎಂಬ ನಿರೀಕ್ಷೆಯಿಂದ ಕೊಟ್ಟದ್ದಕ್ಕೆ ವ್ಯಾಪಾರಿಗಳ ಭಾಷೆಯಲ್ಲಿ ಮುಂಗಡವೆಂದು ಹೆಸರು.

ಸರ್ಕಾರದಲ್ಲಿ ಹಣವಿಲ್ಲ, ಠಾಣೆಯ ಜೀಪಿಗೆ ಇಂಧನ ಸಾಲದು, ಉಳ್ಳವರು ಕೊಟ್ಟರೆ ಕೆಟ್ಟದ್ದೇನು ಎಂದು ಸಮರ್ಥಕರು ಕೇಳುತ್ತಾರೆ. ಕೊರತೆಯ ಮಾತು ನಿಜವೇ. ಆದರೆ ಅದೇ ಠಾಣೆಗೆ ಒಂದೇ ದಿನ ಇಬ್ಬರು ದೂರು ತಂದರೆನ್ನೋಣ: ಒಬ್ಬ ಸೈಕಲ್ ಕಳೆದುಕೊಂಡ ಕೂಲಿಕಾರ, ಇನ್ನೊಬ್ಬರು ಆ ಠಾಣೆಗೆ ಜೀಪು ಕೊಡಿಸಿದ ಸಾಹುಕಾರರು. ಠಾಣಾಧಿಕಾರಿ ಲಂಚಕೋರನಾಗಿರಬೇಕಾಗಿಲ್ಲ, ಸಜ್ಜನನಾಗಿದ್ದರೂ ಕೃತಜ್ಞತೆಯೆಂಬುದು ತನ್ನ ಕೆಲಸವನ್ನು ಮಾಡಿಯೇ ಮಾಡುತ್ತದೆ. ಮುಂದೊಂದು ದಿನ ಅದೇ ಸಾಹುಕಾರರ ಮೇಲೆ ಅವರ ನೌಕರನೇ ದೂರು ಕೊಡಲು ಬಂದರೆ ಅವನು ಯಾವ ಜೀಪನ್ನು ನೋಡಿ ಠಾಣೆಯ ಮೆಟ್ಟಿಲು ಹತ್ತಬೇಕು?

ವರ್ತಕರ ಹಣದಿಂದ ಪೊಲೀಸು ನಡೆದ ಪ್ರಸಂಗ ಇತಿಹಾಸದಲ್ಲಿ ಇಲ್ಲದಿಲ್ಲ. ಆಧುನಿಕ ಪೊಲೀಸ್ ವ್ಯವಸ್ಥೆಯ ತೊಟ್ಟಿಲೆನಿಸಿದ ಲಂಡನ್ನಿನಲ್ಲಿಯೇ ಅದು ನಡೆಯಿತು. ಥೇಮ್ಸ್ ನದಿಯಲ್ಲಿ ಲಂಗರು ಹಾಕಿದ ಹಡಗುಗಳಿಂದ ಸಕ್ಕರೆ, ಕಾಫಿ, ರಮ್ ಮೊದಲಾದ ಸರಕುಗಳು ಕಳವಾಗುತ್ತಿದ್ದುದನ್ನು ತಡೆಯಲು 1798ರಲ್ಲಿ ಪ್ಯಾಟ್ರಿಕ್ ಕೋಲ್ಕಹೂನ್ ಮತ್ತು ಜಾನ್ ಹ್ಯಾರಿಯಟ್ ಎಂಬವರು ವಾಪಿಂಗ್ ಎಂಬಲ್ಲಿ ನದಿ ಪೊಲೀಸ್ ಪಡೆಯನ್ನು ಸ್ಥಾಪಿಸಿದರು. ಕೋಲ್ಕಹೂನ್ ಗ್ಲಾಸ್ಗೋ ನಗರದಲ್ಲಿ ವ್ಯಾಪಾರ ಮಾಡಿ, ಆಮೇಲೆ ಲಂಡನ್ನಿನಲ್ಲಿ ಮ್ಯಾಜಿಸ್ಟ್ರೇಟನಾದವನು. ಪಡೆಯ ವೆಚ್ಚದ ಬಹುಭಾಗವನ್ನು ವೆಸ್ಟ್ ಇಂಡೀಸ್ ವ್ಯಾಪಾರದ ಸಾಹುಕಾರರೇ ವಹಿಸಿಕೊಂಡರು. ಕಳವು ಕಡಮೆಯಾಯಿತು, ಸಂದೇಹವಿಲ್ಲ. ಆದರೆ ಆ ಪಡೆ ಕಳ್ಳರನ್ನು ಹಿಡಿಯುವುದರಲ್ಲಿಯೇ ನಿಲ್ಲಲಿಲ್ಲ. ಹಡಗಿನಿಂದ ಸರಕನ್ನಿಳಿಸುವ ಕೂಲಿಗಳ ನೇಮಕ, ಅವರ ಕೂಲಿಯ ಬಟವಾಡೆ ಸಹ ಅದರ ಕೈಸೇರಿದುವು. ಸರಕಿನ ಉದುರಿದ ಪಾಲು ತಮ್ಮ ಹಕ್ಕೆಂದು ಕೂಲಿಗಳು ರೂಢಿಯಿಂದ ನಂಬಿದ್ದರು, ಅದು ಅಪರಾಧವೆನಿಸಿತು. ಕಲ್ಲಿದ್ದಲು ಹೊರುವವರಿಗೆ ಇಂತಹದೇ ಕಾರಣಕ್ಕೆ ಶಿಕ್ಷೆಯಾದಾಗ, ಅದೇ ವರ್ಷದ ಅಕ್ಟೋಬರಿನಲ್ಲಿ ಜನರ ಗುಂಪು ಪೊಲೀಸ್ ಕಚೇರಿಗೆ ಮುತ್ತಿಗೆ ಹಾಕಿತು; ಎರಡು ಕಡೆಯೂ ಪ್ರಾಣಹಾನಿಯಾಯಿತು. ಆ ಕೂಲಿಗಳು ಮಾಡಿದ್ದು ಕಳವೋ ಅಲ್ಲವೋ ಎಂಬುದು ಬೇರೆಯೇ ಚರ್ಚೆ. ಸಂಬಳ ಕೊಟ್ಟವರೇ ಫಿರ್ಯಾದಿಗಳೂ ಆಗಿದ್ದ ಪೊಲೀಸರ ಮಾತನ್ನು ಅವರು ನಂಬುವ ಬಗೆ ಹೇಗೆ? ಎರಡೇ ವರ್ಷಗಳಲ್ಲಿ, 1800ರಲ್ಲಿ, ಬ್ರಿಟಿಷ್ ಪಾರ್ಲಿಮೆಂಟು ಕಾಯಿದೆ ಮಾಡಿ ಆ ಪಡೆಯನ್ನು ಸಾರ್ವಜನಿಕ ವೆಚ್ಚಕ್ಕೆ ತಂದಿತು. 1829ರಲ್ಲಿ ರಾಬರ್ಟ್ ಪೀಲ್ ಲಂಡನ್ನಿಗೆ ಮಹಾನಗರ ಪೊಲೀಸನ್ನು ರಚಿಸಿದಾಗ ಊರವರೆಲ್ಲರ ಮೇಲೆ ತೆರಿಗೆ ಹಾಕಿ ಅದರ ಖರ್ಚನ್ನು ಹೊಂದಿಸಲಾಯಿತು. ಇನ್ನೂರು ವರ್ಷಗಳ ಹಿಂದೆ ಬಿಟ್ಟ ದಾರಿಗೆ ಭಾರತದ ಪೇಟೆಗಳು ಮರಳುತ್ತಿವೆ.

ಭಾರತದ 1861ರ ಪೊಲೀಸ್ ಕಾಯಿದೆಯ 13ನೆಯ ಕಲಮು ಖಾಸಗಿಯವರ ಖರ್ಚಿನಲ್ಲಿ ಹೆಚ್ಚುವರಿ ಪೊಲೀಸರನ್ನು ನೇಮಿಸಲು ಅವಕಾಶ ಕೊಟ್ಟಿದ್ದುದುಂಟು. ಆದರೆ ಅರ್ಜಿ ಬರೆದು ಕಾರಣ ತೋರಿಸಬೇಕಾಗಿತ್ತು, ಪೊಲೀಸರು ಜಿಲ್ಲಾ ಅಧಿಕಾರಿಗಳ ಆಜ್ಞೆಯಲ್ಲಿಯೇ ಇರಬೇಕಾಗಿತ್ತು. ಪರಕೀಯರ ಆ ಕಾಯಿದೆಯಲ್ಲಿ ಮೆಚ್ಚತಕ್ಕದ್ದು ಬಹಳವಿಲ್ಲ. ಆದರೂ ಯಾರ ಹಣ, ಯಾವ ಕೆಲಸಕ್ಕೆ ಎಂಬುದು ಕಾಗದದ ಮೇಲಿರುತ್ತಿತ್ತು. ಹಾರತುರಾಯಿಯ ಹಸ್ತಾಂತರದಲ್ಲಿ ಕೊಟ್ಟವನ ನಿರೀಕ್ಷೆ ಯಾವ ಕಾಗದದಲ್ಲಿಯೂ ಇರುವುದಿಲ್ಲ.

ಹಾಗಾದರೆ ಕೊರತೆ ತುಂಬುವುದೆಂತು? ಮೊದಲು ಕೊರತೆ ಎಲ್ಲಿದೆಯೆಂಬುದನ್ನು ನೋಡಬೇಕು. 2020ರ ಆರಂಭದಲ್ಲಿ ದೇಶದಲ್ಲಿ ಲಕ್ಷ ಜನಸಂಖ್ಯೆಗೆ ಮಂಜೂರಾಗಿದ್ದ ಪೊಲೀಸರು ಸುಮಾರು 195. ವಾಸ್ತವವಾಗಿ ಇದ್ದವರು ಸುಮಾರು 155. ಈ ಅಂತರವನ್ನು ದಾನಿಗಳ ಕ್ಯಾಮೆರಾ ತುಂಬದು. ಇರುವ ಪೇದೆ ಹಗಲು ಬಂದೋಬಸ್ತು, ರಾತ್ರಿ ಗಸ್ತು, ನಡುವೆ ಸಮನ್ಸು ಜಾರಿಗಳಲ್ಲಿ ಸವೆಯುತ್ತಾನೆ. 2016ರ ಜೂನ್ 4ರಂದು ಸಾಮೂಹಿಕ ರಜೆ ಹಾಕುವುದಾಗಿ ಕರ್ನಾಟಕದ ಪೊಲೀಸರು ಘೋಷಿಸಿದಾಗ ಅವರ ಬೇಡಿಕೆಗಳಲ್ಲಿ ವಾರದ ರಜೆ, ಕೆಲಸದ ಅವಧಿ, ಸಂಬಳದ ತಾರತಮ್ಯ ಇವೇ ಮುಖ್ಯವಾಗಿದ್ದುವು. ಅಂಗಡಿಯ ಗುಮಾಸ್ತನಿಗೆ ಕಾಯಿದೆ ಕೊಟ್ಟಿರುವ ವಾರದ ರಜೆಗಾಗಿ ಪೇದೆ ಬೀದಿಗಿಳಿಯಬೇಕಾದ ಸಮಾಜದಲ್ಲಿ ಠಾಣೆಗೆ ಸೋಫಾ ಕೊಟ್ಟು ಭಾವಚಿತ್ರ ತೆಗೆಸಿಕೊಳ್ಳುವುದು ಹಾಸ್ಯಾಸ್ಪದ.

ಪೊಲೀಸು ಸಂವಿಧಾನದ ಪ್ರಕಾರ ರಾಜ್ಯಪಟ್ಟಿಯ ವಿಷಯ. ಆದುದರಿಂದ ಹಣ ರಾಜ್ಯದ ಆಯವ್ಯಯದಿಂದಲೇ ಬರಬೇಕು, ಅದೂ ಠಾಣೆಯ ತನಕ ಇಳಿಯಬೇಕು. ಅನಾಥ ಶವವನ್ನು ಸಾಗಿಸುವ ಬಾಡಿಗೆ, ಬಂಧಿತನ ಊಟ, ಕಾಗದ, ಪ್ರಿಂಟರಿನ ಶಾಯಿ, ಪರವೂರಿಗೆ ತನಿಖೆಗೆ ಹೋಗುವವನ ಪ್ರಯಾಣ ಇವುಗಳಿಗೆ ಠಾಣಾಧಿಕಾರಿಯ ಕೈಯಲ್ಲಿ ಲೆಕ್ಕತಪಾಸಣೆಗೆ ಒಳಪಟ್ಟ ಚಿಲ್ಲರೆ ಖರ್ಚಿನ ನಿಧಿಯಿರಬೇಕು. ಅದಿಲ್ಲದಿದ್ದರೆ ಅವನು ಕೈಯೊಡ್ಡುವುದು ಅನಿವಾರ್ಯ. ಕೈಯೊಡ್ಡಿದ ಮೇಲೆ ಅದೇ ಕೈಯಿಂದ ನ್ಯಾಯದ ಲೇಖನಿ ಹಿಡಿಯುವುದು ಕಷ್ಟ.

ಉಳಿದುದನ್ನು ಹೇಳಬೇಕಾದವರು ಹೇಳಿ ಬಹಳ ಕಾಲವಾಯಿತು. 1977ರಲ್ಲಿ ನೇಮಕಗೊಂಡ ಧರ್ಮವೀರ ಅಧ್ಯಕ್ಷತೆಯ ರಾಷ್ಟ್ರೀಯ ಪೊಲೀಸ್ ಆಯೋಗ ಎಂಟು ವರದಿಗಳನ್ನು ಒಪ್ಪಿಸಿತು. ಪ್ರಕಾಶ್ ಸಿಂಗ್ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯ 2006ರ ಸೆಪ್ಟೆಂಬರ್ 22ರಂದು ತೀರ್ಪಿತ್ತು, ಠಾಣಾಧಿಕಾರಿಗೆ ಎರಡು ವರ್ಷಗಳ ಕನಿಷ್ಠ ಅವಧಿ, ತನಿಖೆಗೂ ಬಂದೋಬಸ್ತಿಗೂ ಬೇರೆ ಬೇರೆ ಸಿಬ್ಬಂದಿ, ದೂರು ಪ್ರಾಧಿಕಾರ ಮೊದಲಾದುವನ್ನು ವಿಧಿಸಿತು. ರಾಜ್ಯಗಳು ಇದನ್ನು ಪಾಲಿಸಿರುವ ಪರಿ ಎಲ್ಲರಿಗೂ ತಿಳಿದದ್ದೇ. ವರ್ತಕ ಸಂಘಗಳು ಆಯವ್ಯಯದ ಮುನ್ನ ತೆರಿಗೆ ಇಳಿಸಲು ಮನವಿ ಕೊಡುತ್ತವೆ. ಈ ತೀರ್ಪಿಗಾಗಿ ಮನವಿ ಕೊಟ್ಟ ಸಂಘಗಳೆಷ್ಟು?

ಟ್ರಸ್ಟುಗಳಿಗೆ ಬಸದಿಯ ವಿಗ್ರಹಗಳ ರಕ್ಷಣೆಯ ಚಿಂತೆಯಿದ್ದರೆ ಅದಕ್ಕೆ ಠಾಣೆಯ ಋಣ ಬೇಕಾಗಿಲ್ಲ. 1972ರ ಪುರಾವಸ್ತು ಕಾಯಿದೆಯಂತೆ ನೂರು ವರ್ಷಕ್ಕೆ ಮೀರಿದ ಪ್ರತಿಮೆಗಳನ್ನು ನೋಂದಾಯಿಸುವ ವಿಧಾನವಿದೆ. ಪ್ರತಿಯೊಂದು ಬಿಂಬದ ಎತ್ತರ, ತೂಕ, ಲೋಹ, ಪೀಠದ ಬರಹ, ನಾಲ್ಕು ದಿಕ್ಕಿನ ಛಾಯಾಚಿತ್ರಗಳ ಪಟ್ಟಿ ಸಿದ್ಧವಿಲ್ಲದಿದ್ದರೆ, ಕಳವಾದ ಬಿಂಬ ಸಿಕ್ಕಿದರೂ ಅದು ತಮ್ಮದೇ ಎಂದು ಸಾಧಿಸುವುದು ಟ್ರಸ್ಟಿಗೆ ದುಸ್ತರವಾಗುತ್ತದೆ. ಬ್ಯಾರಿಕೇಡಿಗೆ ಹೆಸರು ಬರೆಸುವ ಹಣದಲ್ಲಿ ಒಂದು ಬಸದಿಯ ಇಂತಹ ಪಟ್ಟಿ ಧಾರಾಳವಾಗಿ ಸಿದ್ಧವಾಗುತ್ತದೆ. ಅದರ ಒಂದು ಪ್ರತಿಯನ್ನು ಠಾಣೆಗೆ ಕೊಟ್ಟು ರಶೀದಿ ಪಡೆಯಲಿ.